ಒಂದು ಮಾತಿನ ಜಾಡು

ಬಂದೂಕುಗಳ ಮೇಲೆ ಸರ್ಕಾರದ ಹತೋಟಿ ಇರಬೇಕೇ ಬೇಡವೇ ಎಂಬ ವಾದ ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹತೋಟಿಯು ಸರ್ವಾಧಿಕಾರಕ್ಕೆ ದಾರಿಯೆನ್ನುವವರಲ್ಲಿ ಕೆಲವರು ಜರ್ಮನಿಯ ಹಿಟ್ಲರನ ಮಾತೊಂದನ್ನು ಉದಾಹರಿಸುವುದುಂಟು. ನಾಗರಿಕ ರಾಷ್ಟ್ರವೊಂದು ಬಂದೂಕುಗಳನ್ನೆಲ್ಲ ನೋಂದಣಿಗೆ ಒಳಪಡಿಸಿದ್ದು ಇದೇ ಮೊದಲೆಂದು ಅವನು 1935ರಲ್ಲಿ ಹೆಮ್ಮೆಪಟ್ಟನಂತೆ.

ಈ 'ಅಂತೆ'ಯನ್ನು ಪರೀಕ್ಷಿಸುವುದು ಹೇಗೆ? ಮೊದಲು ಮೂಲವನ್ನು ಹುಡುಕಬೇಕು. ಮಾತಿನ ಜೊತೆಗೆ 'ಬರ್ಲಿನ್ ಡೈಲಿ' ಎಂಬ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಎಲ್ಲವನ್ನೂ ಕೊಟ್ಟಿರುತ್ತಾರೆ. ನೋಡಿದೊಡನೆ ನಂಬಿಕೆ ಹುಟ್ಟುತ್ತದೆ. ಆದರೆ ಆ ಹೆಸರಿನ ಪತ್ರಿಕೆ ಹುಡುಕಿದವರಿಗೆ ದೊರೆತಿಲ್ಲ. ಹಿಟ್ಲರನ ಭಾಷಣಗಳಲ್ಲಿಯೂ ಆ ಮಾತು ಕಾಣಬರುವುದಿಲ್ಲ.

ಇನ್ನು ಕಾನೂನಿನ ಕಡೆಗೆ ತಿರುಗೋಣ. ಜರ್ಮನಿಯಲ್ಲಿ ಬಂದೂಕಿಗೆ ಪರವಾನಗಿ ಬೇಕೆಂಬ ಕಾಯಿದೆಯಾದದ್ದು 1928ರಲ್ಲಿ. ಹಿಟ್ಲರನು ಅಧಿಕಾರಕ್ಕೆ ಬಂದುದು 1933ರಲ್ಲಿ. ಅವನ ಸರ್ಕಾರ 1938ರ ಮಾರ್ಚ್ ತಿಂಗಳಲ್ಲಿ ತಂದ ಹೊಸ ಕಾಯಿದೆಯಾದರೋ, ಉದ್ದನಳಿಗೆಯ ಬಂದೂಕುಗಳ ಖರೀದಿಗೆ ಪರವಾನಗಿಯೇ ಬೇಡವೆಂದು ನಿಯಮವನ್ನು ಸಡಿಲಿಸಿತು! 1935ರಲ್ಲಿ ಹೆಮ್ಮೆಪಡಲು ಅಂತಹ ಕಾಯಿದೆಯೇ ಹೊರಟಿರಲಿಲ್ಲ.

ಹಾಗೆಂದು ಹಿಟ್ಲರನು ನಿರಪರಾಧಿಯೆಂದಲ್ಲ. ಆ ಸಡಿಲಿಕೆ ಎಲ್ಲರಿಗೂ ದೊರೆಯಲಿಲ್ಲ. 1938ರ ನವೆಂಬರ್ 9ರ ರಾತ್ರಿ ಯಹೂದ್ಯರ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆರಂಭವಾಯಿತು. ಎರಡು ದಿನಗಳ ತರುವಾಯ, ಪೆಟ್ಟು ತಿಂದ ಆ ಜನರೇ ಬಂದೂಕನ್ನಾಗಲಿ, ಇರಿಯುವ ಆಯುಧವನ್ನಾಗಲಿ ಇಟ್ಟುಕೊಳ್ಳಬಾರದೆಂಬ ಆಜ್ಞೆ ಹೊರಟಿತು. ಇದಕ್ಕೆ ಯಾವ ಪತ್ರಿಕೆಯ ಸಾಕ್ಷಿಯೂ ಬೇಕಿಲ್ಲ. ಜರ್ಮನ್ ಸರ್ಕಾರದ ರಾಜಪತ್ರದಲ್ಲಿಯೇ ಅದು ಅಚ್ಚಾಗಿದೆ.