ಕೂಸಿನ ನೆತ್ತಿ ಏಕೆ ಮೆತ್ತಗೆ?

ವಯಸ್ಕರ ತಲೆಬುರುಡೆಯಲ್ಲಿ 22 ಮೂಳೆಗಳಿವೆ: ಮಿದುಳಿನ ಸುತ್ತ 8, ಮುಖದಲ್ಲಿ 14. ಇವುಗಳಲ್ಲಿ ಸಲೀಸಾಗಿ ಅಲುಗಾಡುವುದು ಕೆಳದವಡೆ ಮಾತ್ರ. ಮಿಕ್ಕವು ಹೊಲಿಗೆಯಂಥ ಅಂಕುಡೊಂಕು ಗೆರೆಗಳಲ್ಲಿ ಬೆಸೆದುಕೊಂಡಿವೆ.

ಹಸುಗೂಸಿನಲ್ಲಿ ಈ ಬೆಸುಗೆ ಇನ್ನೂ ಆಗಿರುವುದಿಲ್ಲ. ಎಣ್ಣೆ ಹಚ್ಚಿ ನೀರೆರೆಯುವಾಗ ನೆತ್ತಿಯ ಮೇಲೆ ಬೆರಳಿಗೆ ಮೆತ್ತನೆಯ ಜಾಗ ಸಿಗುತ್ತದೆ. ನಾಡಿ ಮಿಡಿಯುವುದೂ ಕಾಣಬಹುದು. ಅಲ್ಲಿ ಮೂಳೆಯ ಬದಲು ಗಟ್ಟಿಯಾದ ಪೊರೆಯಿದೆ. ಹೆರಿಗೆಯ ಹೊತ್ತಿನಲ್ಲಿ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಹೊರಬರಲು ಅನುವಾಗುವುದು, ಆಮೇಲೆ ಮಿದುಳು ಬೆಳೆಯಲು ಜಾಗ ಸಿಗುವುದು ಇದರಿಂದಲೇ. ಎಂಥ ಅಚ್ಚುಕಟ್ಟಾದ ಏರ್ಪಾಡು! ಇಂಥ ಮೆತ್ತನೆಯ ಜಾಗಗಳಲ್ಲಿ ತಲೆಯ ಹಿಂಬದಿಯದು ಸಾಮಾನ್ಯವಾಗಿ 2–3 ತಿಂಗಳಲ್ಲಿ, ಮುಂದಿನದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಕೂಡಿಕೊಳ್ಳುತ್ತದೆ.

ಕೂಡಿಕೊಳ್ಳುವ ಮುನ್ನ ನೆತ್ತಿ ದೇಹದಲ್ಲಿ ನೀರು ತೀರಾ ಕಡಿಮೆಯಾದದ್ದನ್ನೂ ತೋರಿಸಬಲ್ಲದು. ಆ ನೀರನ್ನು ಕಾಯುವ ಗ್ರಂಥಿಯೊಂದು ಬುರುಡೆಯಲ್ಲೇ ಇದೆ: ಬುರುಡೆಯ ತಳದ ಬೆಣೆ ಮೂಳೆಯ ಪುಟ್ಟ ಗುಳಿಯಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ದೇಹದಲ್ಲಿ ನೀರು ಕಡಿಮೆಯಾದರೆ ಮಿದುಳಿನ ಹೈಪೊಥಲಾಮಸ್ ಅದನ್ನು ಗುರುತಿಸುತ್ತದೆ. ಪಿಟ್ಯುಟರಿಯಿಂದ ಹೊರಡುವ ಹಾರ್ಮೋನು ನೀರನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ ಸೂಚಿಸುತ್ತದೆ.

ವಾಂತಿ-ಭೇದಿ ಜೋರಾದರೆ ಈ ಕಾವಲೂ ಸಾಲದು. ಆಗ ಕೂಸಿನ ನೆತ್ತಿ ಗುಳಿಬೀಳುತ್ತದೆ. ಜ್ವರದ ಜೊತೆ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಮಿದುಳುಪೊರೆಯ ಸೋಂಕಿರಬಹುದು. ಎರಡರಲ್ಲಿ ಯಾವುದು ಕಂಡರೂ ತಡಮಾಡದೆ ಮಗುವನ್ನು ವೈದ್ಯರಿಗೆ ತೋರಿಸಬೇಕು.