ಕರೆಯದೆ ಬರುವ ಅತಿಥಿಗಳು: ಮನೆ ಮತ್ತು ಕೈತೋಟದ ಕೀಟಗಳ ಹತೋಟಿ

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೆ ನೆಂಟರಿಷ್ಟರು ಬರುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಆದರೆ ಕರೆಯದೆಯೇ ಬಂದು, ಹೋಗೆಂದರೂ ಹೋಗದ ಅತಿಥಿಗಳು ಕೆಲವರುಂಟು. ಸೊಳ್ಳೆ, ಜಿರಳೆ, ತಿಗಣೆ, ಇರುವೆ, ಅಕ್ಕಿಹುಳು ಇವುಗಳ ಕಾಟವನ್ನರಿಯದ ಬಿಡಾರವು ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಸಿಗುವುದು ದುರ್ಲಭ.

ಊರಿನ ಮನೆಯಲ್ಲಿಯೂ ಕೀಟಗಳಿದ್ದವು. ಆದರೆ ಅಲ್ಲಿ ಅಂಗಳವಿತ್ತು, ಬಿಸಿಲಿತ್ತು, ಗಾಳಿಯಾಡುತ್ತಿತ್ತು. ಇಲ್ಲಿ ಅಡುಗೆ, ಊಟ, ಪೂಜೆ, ನಿದ್ರೆ, ಮಕ್ಕಳ ಆಟ ಎಲ್ಲವೂ ಎರಡು ಕೋಣೆಗಳೊಳಗೆ ನಡೆಯಬೇಕು. ಇಂತಹ ಮನೆಯಲ್ಲಿ ಸಿಂಪಡಿಸಿದ ವಿಷವು ಕೀಟಕ್ಕೆ ತಗಲುವಂತೆಯೇ ನಮಗೂ ತಗಲುತ್ತದೆ. ಆದುದರಿಂದ ಕೀಟವನ್ನು ಯಾವ ಔಷಧದಿಂದ ಕೊಲ್ಲಬೇಕು ಎಂದು ಕೇಳುವ ಮೊದಲು, ಅದು ನಮ್ಮ ಮನೆಯಲ್ಲಿ ಏತರಿಂದ ಬದುಕುತ್ತಿದೆ ಎಂದು ಕೇಳುವುದು ವಿವೇಕ. ಉತ್ತರ ಮೂರೇ ಮಾತಿನದು: ಆಹಾರ, ನೀರು, ಅಡಗುದಾಣ. ಇವುಗಳನ್ನು ತಪ್ಪಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಸೊಳ್ಳೆ

ಈ ಪಾಠವು ನಮ್ಮ ಬೆಂಗಳೂರಿನಲ್ಲಿಯೂ ಒಬ್ಬರಿಗೆ ಹೊಳೆದಿತ್ತು ಎಂಬುದು ಸ್ವಾರಸ್ಯಕರ. 1883ರಲ್ಲಿ ಅಲ್ಲಿನ ದಂಡಿನ ವೈದ್ಯರಾಗಿ ಬಂದಿದ್ದ ರೊನಾಲ್ಡ್ ರಾಸ್ ಅವರು, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಗಳು ಬೆಳೆಯುತ್ತಿರುವುದನ್ನು ಕಂಡರು. ಅದನ್ನು ಬರಿದುಮಾಡಿಸಿದೊಡನೆ ಸೊಳ್ಳೆಗಳ ಉಪದ್ರವ ಇಳಿಯಿತು. ಅದೇ ರಾಸ್ ಅವರು 1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ, ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ನಗರದಲ್ಲಿ ನಮ್ಮನ್ನು ಕಾಡುವ ಸೊಳ್ಳೆಗಳು ಮುಖ್ಯವಾಗಿ ಮೂರು ಬಗೆ. ಕ್ಯೂಲೆಕ್ಸ್ ಸೊಳ್ಳೆ ಚರಂಡಿಯ ಕೊಳೆನೀರಿನಲ್ಲಿ ಬೆಳೆಯುತ್ತದೆ. ಆನೆಕಾಲು ರೋಗವನ್ನು ಹರಡಬಲ್ಲದು. ಮಲೇರಿಯಾ ತರುವ ನಗರದ ಅನಾಫಿಲಿಸ್ ಸೊಳ್ಳೆಗೆ ತಾರಸಿಯ ಮೇಲಿನ ನೀರಿನ ಟಾಕಿಗಳೂ ಬಾವಿಗಳೂ ಪ್ರಿಯ. ಡೆಂಗೀ ಮತ್ತು ಚಿಕುನ್‌ಗುನ್ಯಾ ತರುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಅದು ಬಯಸುವುದು ಮನೆಯ ಒಳಗೂ ಹೊರಗೂ ನಿಂತ ತಿಳಿನೀರನ್ನು. ಆದುದರಿಂದ ‘ನಮ್ಮ ಮನೆ ಶುಚಿಯಾಗಿದೆ, ನಮಗೇನು ಭಯ’ ಎಂದುಕೊಳ್ಳುವುದು ತಪ್ಪು.

ಮೊಟ್ಟೆಯು ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರನ್ನು ಚೆಲ್ಲಿದರೆ ಈ ಚಕ್ರ ಮುರಿಯುತ್ತದೆ. ಕುಂಡಗಳ ಕೆಳಗಿನ ತಟ್ಟೆ, ಬಾಟಲಿಯಲ್ಲಿ ಬೆಳೆಸಿದ ಮನಿಪ್ಲಾಂಟ್, ಫ್ರಿಜ್ಜಿನ ಹಿಂಭಾಗದ ತಟ್ಟೆ, ದೆಹಲಿಯವರ ಕೂಲರ್, ತಾರಸಿಯಲ್ಲಿ ಬಿದ್ದಿರುವ ಹಳೆಯ ಟಯರು ಇವೆಲ್ಲವನ್ನೂ ನೋಡತಕ್ಕದ್ದು. ಬರಿದೇ ಚೆಲ್ಲಿದರೆ ಸಾಲದು. ಈಡಿಸ್‌ನ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ಉಜ್ಜಿ ತೊಳೆದು ಒಣಗಿಸಬೇಕು. ನೀರು ಹಿಡಿದಿಡುವ ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳವಿರಲಿ, ಇಲ್ಲವೇ ಬಟ್ಟೆ ಕಟ್ಟಿರಲಿ. ಕಟ್ಟಡದ ಟಾಕಿಯ ಮುಚ್ಚಳ ಸರಿಯಾಗಿ ಕೂಡುತ್ತದೆಯೇ, ಹೊರಕೊಳವೆಗೆ ಜಾಲರಿ ಇದೆಯೇ ಎಂದು ಸೊಸೈಟಿಯ ಸಭೆಯಲ್ಲಿ ಕೇಳಲು ಸಂಕೋಚ ಬೇಡ.

ಬೇಸಗೆಯ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೊರಡುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಬಕೆಟ್ಟು, ಡ್ರಮ್ಮುಗಳನ್ನು ಬರಿದುಮಾಡಿ ಬೋರಲು ಹಾಕಿ, ಶೌಚಗೃಹದ ಕಮೋಡನ್ನು ಮುಚ್ಚಿಯೇ ಹೊರಡಿರಿ. ಇಲ್ಲವಾದರೆ ನೀವು ಹಿಂದಿರುಗುವ ಹೊತ್ತಿಗೆ ಮನೆಯಲ್ಲಿ ಹೊಸ ಸಂಸಾರವೇ ಹೂಡಿರುತ್ತದೆ.

ಮಳೆಗಾಲದಲ್ಲಿ ತೀವ್ರ ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸದೆ ದಿನಗಳೆಯಬಾರದು. ಡೆಂಗೀ ಇರಬಹುದೆಂಬ ಸಂಶಯವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಜಿರಳೆ ಮತ್ತು ತಿಗಣೆ

ಅಡುಗೆಮನೆಯ ಸಣ್ಣ ಕಂದುಬಣ್ಣದ ಜಿರಳೆಯು ತನ್ನ ಮೊಟ್ಟೆಚೀಲವನ್ನು ಮರಿಯಾಗುವವರೆಗೂ ಹೊತ್ತು ತಿರುಗುತ್ತದೆ. ಒಂದು ಚೀಲದಲ್ಲಿ 30-40 ಮೊಟ್ಟೆಗಳಿರುತ್ತವೆ. ಸಿಂಪಡಿಸಿದ ಔಷಧ ಈ ಚೀಲದೊಳಕ್ಕೆ ಸುಲಭವಾಗಿ ಇಳಿಯದು. ದೊಡ್ಡವು ಸತ್ತರೂ ಕೆಲವು ವಾರಗಳಲ್ಲಿ ಮರಿಗಳು ಕಾಣಿಸಿಕೊಳ್ಳುತ್ತವೆ. ಇವುಗಳ ಹಿಕ್ಕೆ, ಪೊರೆಗಳ ಧೂಳು ಮಕ್ಕಳ ಉಬ್ಬಸವನ್ನು ಕೆರಳಿಸುತ್ತದೆ.

ರಾತ್ರಿ ಎಂಜಲು ಪಾತ್ರೆಗಳನ್ನು ಉಳಿಸದಿರುವುದು, ಸಿಂಕನ್ನು ಒರೆಸಿ ಒಣಗಿಸುವುದು, ಕಸದ ಡಬ್ಬಕ್ಕೆ ಮುಚ್ಚಳ ಹಾಕುವುದು, ಬಚ್ಚಲಿನ ಮೋರಿಗೆ ಜಾಲರಿ ಕೂಡಿಸುವುದು, ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಗಳನ್ನು ಕೂಡಿಡದಿರುವುದು ಇವು ಮೊದಲ ಉಪಾಯಗಳು. ಇಷ್ಟರ ಮೇಲೆ ಬೋರಿಕ್ ಪುಡಿಗೆ ಗೋಧಿಹಿಟ್ಟು, ಸಕ್ಕರೆ ಸೇರಿಸಿ ಕಲಸಿದ ಸಣ್ಣ ಉಂಡೆಗಳನ್ನು ಕಪಾಟಿನ ಹಿಂದೆ ಇಡಬಹುದು. ಗುಣ ನಿಧಾನ, ಆದರೆ ನಿಶ್ಚಿತ. ಬೋರಿಕ್ ಪುಡಿಯೂ ವಿಷವೇ ಆದುದರಿಂದ ಮಕ್ಕಳ ಕೈಗೆ ಎಟುಕಬಾರದು.

ತಿಗಣೆ ಮನೆಯೊಳಗೆ ಬರುವುದು ಪ್ರಯಾಣದ ಹಾಸಿಗೆಯಲ್ಲಿ, ಹಳೆಯ ಪೀಠೋಪಕರಣದಲ್ಲಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಈ ಪ್ರಾಣಿಗೆ ಉಷ್ಣವೇ ಶತ್ರು. ಬಟ್ಟೆಬರೆಗಳನ್ನು ಕುದಿನೀರಿನಲ್ಲಿ ಅದ್ದಿ ಒಗೆಯಬೇಕು. ಮಂಚದ ಸಂದುಗಳಿಗೆ ಕುದಿನೀರು ಹೊಯ್ದು ಬಿಸಿಲಿಗಿಟ್ಟು, ಬಿರುಕುಗಳನ್ನು ಮುಚ್ಚಬೇಕು. ಒಮ್ಮೆಗೇ ಮುಗಿಯದು, ವಾರ ಬಿಟ್ಟು ಮತ್ತೆ ಮಾಡಬೇಕು.

ಅಕ್ಕಿಯ ಡಬ್ಬ ಮತ್ತು ಮಾರಕ ಮಾತ್ರೆ

ಊರಿನಿಂದ ಅಕ್ಕಿ, ತೊಗರಿ ತರಿಸಿಕೊಳ್ಳುವ ವಾಡಿಕೆ ನಮ್ಮಲ್ಲಿ ಇನ್ನೂ ಇದೆ. ಅದನ್ನು ಚೆನ್ನಾಗಿ ಒಣಗಿಸಿ, ಬಿಗಿಮುಚ್ಚಳದ ಡಬ್ಬದಲ್ಲಿ ಒಣ ಬೇವಿನೆಲೆಯೊಡನೆ ಇಡಬೇಕು. ತೊಗರಿಬೇಳೆಗೆ ತುಸು ಹರಳೆಣ್ಣೆ ಸವರುವ ಅಜ್ಜಿಯರ ಪದ್ಧತಿ ಇಂದಿಗೂ ಒಳ್ಳೆಯದು.

ಆದರೆ ಧಾನ್ಯಕ್ಕೆಂದೋ ತಿಗಣೆಗೆಂದೋ ಇಲಿಗೆಂದೋ ಕೆಲವರು ಗುಟ್ಟಾಗಿ ಕೊಡುವ ಅಲ್ಯೂಮಿನಿಯಮ್ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ಎಂದೆಂದಿಗೂ ತರಕೂಡದು. ಗಾಳಿಯ ತೇವ ತಗಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಬಾಗಿಲ ಸಂದು, ಕೊಳವೆ, ಕಿಟಕಿಗಳ ಮೂಲಕ ನೆರೆಮನೆಗೂ ನುಸುಳಬಲ್ಲದು. ಅದಕ್ಕೆ ಪ್ರತ್ಯೌಷಧವಿಲ್ಲ. ಒಂದು ಮನೆಯಲ್ಲಿಟ್ಟ ಮಾತ್ರೆಯಿಂದ ಪಕ್ಕದ ಮನೆಯ ಮಕ್ಕಳು ಪ್ರಾಣ ಕಳೆದುಕೊಂಡ ದುರಂತಗಳು ನಮ್ಮ ನಗರಗಳಲ್ಲಿ ನಡೆದಿವೆ. ಇದನ್ನು ಸಾರ್ವಜನಿಕರಿಗೆ ಮಾರುವುದು ಕಾನೂನಿಗೆ ವಿರುದ್ಧ. ಕೀಟನಿವಾರಣೆ ನಡೆದ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಹಲವರಿಗೆ ಒಟ್ಟಿಗೆ ವಾಂತಿ, ಹೊಟ್ಟೆನೋವು, ಉಸಿರಿನ ತೊಂದರೆ ಕಂಡರೆ ಅಡುಗೆಯ ದೋಷವೆಂದು ಸುಮ್ಮನಿರಬೇಡಿರಿ. ಎಲ್ಲರೂ ಕೂಡಲೇ ಮನೆಯಿಂದ ಹೊರಬಂದು ಆಸ್ಪತ್ರೆಗೆ ಹೋಗಿ, ಔಷಧ ಹಾಕಿಸಿದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಿರಿ.

ಬಾಲ್ಕನಿಯ ಕೈತೋಟ

ದಾಸವಾಳಕ್ಕೆ ಬಿಳಿಯ ಹಿಟ್ಟುತಿಗಣೆ ಹತ್ತಿದರೆ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಬಳಿಕ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ದ್ರವ ಸಾಬೂನು ಬೆರೆಸಿ, ಸಂಜೆಯ ವೇಳೆ ಎಲೆಗಳ ಅಡಿಭಾಗಕ್ಕೂ ಸಿಂಪಡಿಸಿರಿ. ಗಿಡಕ್ಕೆ ಇರುವೆಗಳು ಸಾಲುಗಟ್ಟಿದ್ದರೆ ಹಿಟ್ಟುತಿಗಣೆಯೋ ಸಸ್ಯಹೇನೋ ಇದೆಯೆಂದು ತಿಳಿಯಬೇಕು. ಅವು ಸ್ರವಿಸುವ ಸಿಹಿರಸಕ್ಕಾಗಿ ಇರುವೆಗಳು ಅವನ್ನು ಕಾಯುತ್ತವೆ. ಗುಲಗಂಜಿ ಹುಳುಗಳನ್ನು ಮಾತ್ರ ಕೊಲ್ಲಬೇಡಿರಿ; ಅವು ಸಸ್ಯಹೇನನ್ನು ತಿನ್ನುವ ನಮ್ಮ ಮಿತ್ರರು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಮುಂದೆ ಅಂದವಾದ ಚಿಟ್ಟೆಯಾಗುತ್ತದೆ. ನಾಲ್ಕು ಎಲೆ ತಿಂದುಕೊಳ್ಳಲಿ. ಹೆಚ್ಚಾದರೆ ಕೈಯಿಂದ ಆರಿಸಿ ತೆಗೆದರಾಯಿತು.

ವಿಷದ ವಿಷಯದಲ್ಲಿ ಎಚ್ಚರ

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಮೂರು ವರ್ಷದ ಮಗು, ಇರುವೆಗೆ ಗೆರೆ ಎಳೆಯಲು ತಂದಿದ್ದ ವಿಷದ ಬಳಪವನ್ನು ಅಕ್ಕನ ಸ್ಲೇಟಿನ ಬಳಪವೆಂದೇ ಬಗೆದು ಕಚ್ಚಿತ್ತು. ತುಟಿಯ ಮೇಲಿನ ಬಿಳಿಯನ್ನು ತಾಯಿ ಕಂಡುದರಿಂದ ಕೂಡಲೇ ಆಸ್ಪತ್ರೆ ಸೇರಿ, ದೇವರ ದಯೆಯಿಂದ ಮಗು ಮರುದಿನ ಮನೆಗೆ ಬಂದಿತು. ಅಂದು ರಾತ್ರಿ ಆ ತಾಯಿ ಪಟ್ಟ ಸಂಕಟವನ್ನು ನೋಡಿದ ಮೇಲೆ ನಮ್ಮ ಮನೆಯಲ್ಲಿ ಅಂತಹ ಬಳಪಕ್ಕೆ ಎಡೆಯಿಲ್ಲ.

ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಎಂದೂ ಸುರಿದಿಡಬಾರದು. ಹಸುಗೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆ ಇಡಬಾರದು. ಜನ್ಮತಃ ಒಂದು ಬಗೆಯ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಸುವುದಕ್ಕಿಂತ ಸೊಳ್ಳೆಪರದೆಯೇ ಲೇಸು. ಕೀಟನಿವಾರಣೆಯವರನ್ನು ಕರೆಸಿದರೆ ಔಷಧದ ಹೆಸರು, ಮನೆಯಿಂದ ಹೊರಗಿರಬೇಕಾದ ಅವಧಿ ಇವನ್ನು ಬರೆಯಿಸಿಕೊಳ್ಳಿರಿ, ನೆರೆಯವರಿಗೂ ತಿಳಿಸಿರಿ.

ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ನಿಂತ ನೀರನ್ನು ಚೆಲ್ಲುವ ಕೆಲಸ ಮಕ್ಕಳಿಗಿರಲಿ, ಮಂಚ-ಕಪಾಟುಗಳನ್ನು ಸರಿಸುವ ಕೆಲಸ ಯಜಮಾನರಿಗಿರಲಿ, ಡಬ್ಬಗಳ ತಪಾಸಣೆ ಗೃಹಿಣಿಗಿರಲಿ. ಕೀಟಗಳನ್ನು ಪೂರ್ತಿಯಾಗಿ ಇಲ್ಲವಾಗಿಸುವುದು ಯಾರಿಂದಲೂ ಆಗದು. ಅವು ನಮ್ಮ ಮನೆಯಲ್ಲಿ ಬೀಡುಬಿಡದಂತೆ ನೋಡಿಕೊಳ್ಳುವುದು ಎಲ್ಲರಿಂದಲೂ ಸಾಧ್ಯ.