ಕಡಲೆ ಹೊಲದ ಬದುವಿನಲ್ಲಿ ನವೆಂಬರ್

ನವೆಂಬರ್ 3. ಬೆಳಗಿನ ಆರೂವರೆ. ನ್ಯಾಲ್ಕಲ್‌ನ ಎರೆ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ತೊಗರಿ ಹಳದಿ ಹೂ ಬಿಟ್ಟಿದೆ. ಅದರಾಚೆ ಕಡಲೆ, ಗೇಣುದ್ದಕ್ಕೂ ಕಡಿಮೆ. ಬದುವಿನ ಜಾಲಿಮರದ ಕೆಳಗೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೇನೆ. ತಿಂಗಳೊಳಗೆ ಒಂದು ಕಾದಂಬರಿಯ ಕರಡು ಮುಗಿಸುವ ಹಟ.

ಈ ಹುಚ್ಚನ್ನು 1999ರಲ್ಲಿ ಹಚ್ಚಿದವರು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕ್ರಿಸ್ ಬೇಟಿ ಮತ್ತು ಗೆಳೆಯರು, ಒಟ್ಟು 21 ಮಂದಿ. ಮೊದಲ ಸಲ ಜುಲೈನಲ್ಲಿ ಬರೆದರು. ಮರುವರ್ಷ ನವೆಂಬರಿಗೆ ಸರಿಸಿದರು, ಹವೆ ಕೆಟ್ಟಾಗ ಜನ ಮನೆಯೊಳಗೇ ಇರುತ್ತಾರೆಂದು. 30 ದಿನ, 50,000 ಪದ, ದಿನಕ್ಕೆ 1,667. ಇದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಚಟ ಉಳಿಯಿತು. ಆದರೆ ನಮ್ಮಲ್ಲಿ ನವೆಂಬರ್ ಅಂದರೆ ಒಳಗೆ ಕೂರಲಾಗದ ತಿಂಗಳು!

ನವೆಂಬರ್ 9. ತೊಗರಿ ಸಾಲಿನ ನಡುವೆ ಯಾರೋ ಟಿ ಆಕಾರದ ಕಟ್ಟಿಗೆ ನೆಟ್ಟಿದ್ದಾರೆ, ಕಾಯಿಕೊರಕ ಹುಳು ತಿನ್ನುವ ಹಕ್ಕಿಗೆ ಕೂರಲೆಂದು. ಕಾಜಾಣ ಬಂದು ಕೂತಿತು. ಸುಮಾರು ಹೊತ್ತು ಅಲುಗಾಡಲಿಲ್ಲ. ತಟ್ಟನೆ ಕೆಳಗಿಳಿದು ಮತ್ತೆ ಅದೇ ಕಟ್ಟಿಗೆಗೆ. ಕೊಕ್ಕಿನಲ್ಲಿ ಏನೋ ಇತ್ತು. ಮುಂದಿನ ಸಲ ಬರಿಗೊಕ್ಕು. ನಾನು ಒಂದು ಪ್ಯಾರಾ ಬರೆದು ಅಳಿಸಿದೆ.

ಹಕ್ಕಿ ನೋಡುವವರಿಗೆ ಕಂಪ್ಯೂಟರಿನ ಗೀಳು ಹೊಸದೇನಲ್ಲ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆಯುತ್ತಲೇ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದವರು. ನಾನು ಬಳಸುವುದು ಸ್ಕ್ರಿವೆನರ್ ಎಂಬ ಬರವಣಿಗೆಯ ತಂತ್ರಾಂಶ. ದೃಶ್ಯಗಳನ್ನು ಚೀಟಿಗಳಂತೆ ಹಲಗೆಗೆ ಚುಚ್ಚಿಡಬಹುದು, ಹಿಂದೆಮುಂದೆ ಮಾಡಬಹುದು. ಇದು ನಿಜಕ್ಕೂ ಉಪಕಾರಿ. ಗುರಿ ತೋರುವ ಪಟ್ಟಿಯೊಂದಿದೆ. ಬರೆದಂತೆಲ್ಲ ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ಕನ್ನಡದಲ್ಲಿ ಅದು ಬಹಳ ನಿಧಾನ. ಯಂತ್ರ ಎಣಿಸುವುದು ನಡುವಿನ ಜಾಗವನ್ನು ನೋಡಿ. ‘ಹೊಲದಲ್ಲಿದ್ದವನಿಗೂ’ ಎಂದರೆ ಅದಕ್ಕೆ ಒಂದೇ ಪದ. ಇಂಗ್ಲಿಷಿನಲ್ಲಿ ಇದನ್ನೇ ಹೇಳಲು ಎಂಟೊಂಬತ್ತು ಬೇಕು. ಅವರ 50,000ವನ್ನು ನಾವು ಹಾಗೇ ಎತ್ತಿಕೊಂಡಿದ್ದೇ ತಪ್ಪು ಲೆಕ್ಕ. ಒಂದು ಸಂಜೆ ‘ಬರುತ್ತಾ ಇದ್ದಾನೆ’ ಎಂದು ಒಡೆದು ಬರೆದು ಪದ ಹೆಚ್ಚಿಸಿಕೊಂಡೆ. ಮರುದಿನ ನಾಚಿಕೆಯಾಗಿ ‘ಬರುತ್ತಿದ್ದಾನೆ’ ಮಾಡಿದೆ. ಪಟ್ಟಿ ಹಿಂದೆ ಸರಿಯಿತು.

ನವೆಂಬರ್ 17. ನಸುಕು. ಕಡಲೆಗಿಡದ ಮೇಲೆ ರಾತ್ರಿ ಹಾಸಿದ್ದ ಹಳೇ ಧೋತರವನ್ನು ಮುದುಕಿಯೊಬ್ಬಳು ಎತ್ತಿ ಹಿಂಡುತ್ತಿದ್ದಳು. ಎಲೆಯ ಸಣ್ಣ ರೋಮಗಳಲ್ಲಿ ಒಸರುವ ಹುಳಿ ಇಬ್ಬನಿಯೊಂದಿಗೆ ಬಟ್ಟೆಗೆ ಇಳಿದಿರುತ್ತದೆ. ಹೊಟ್ಟೆನೋವಿಗೆ ಮದ್ದಂತೆ. ಇಡೀ ರಾತ್ರಿಗೆ ತಂಬಿಗೆಯ ತಳ ಮುಚ್ಚುವಷ್ಟು ಬಂದಿತ್ತು.

“ಏನ್ ಬರೀಲತ್ತಿ, ತಮ್ಮಾ?”

“ಕಾದಂಬರಿ, ಆಯಿ.”

“ಅದ್ರಾಗ ನಮ್ ಕಡ್ಲಿ ಹುಳಿ ಬರ್ತದೇನು?”

ಬರುತ್ತಿರಲಿಲ್ಲ. ಬೆರಳಿಗೆ ಹಚ್ಚಿದಳು, ನೆಕ್ಕಿದೆ, ಹಲ್ಲು ಜುಮ್ಮೆಂದಿತು. ಆವತ್ತು ಹಲಗೆಗೆ ಹೊಸದೊಂದು ಚೀಟಿ ಚುಚ್ಚಿದೆ. ನಾಯಕನ ಊಟದ ದೃಶ್ಯ ತೆಗೆದುಹಾಕಿದೆ.

ನವೆಂಬರ್ 30. ತೊಗರಿ ಹೂ ಉದುರಿ ಕಾಯಿ ಕಟ್ಟಿದೆ. ಎರೆ ಮಣ್ಣು ಬೆರಳು ಹೋಗುವಷ್ಟು ಬಿರಿದಿದೆ. ಕಾಜಾಣ ಅದೇ ಕಟ್ಟಿಗೆಯ ಮೇಲಿದೆ. ಪಟ್ಟಿ ಹಸಿರಾಗಲಿಲ್ಲ, ಅರ್ಧ ದಾಟಿ ನಿಂತಿದೆ. ಕಡಲೆಯಲ್ಲಿ ಇವತ್ತು ಮೊದಲ ಹೂ ಕಂಡೆ.